ನಮ್ಮತ್ತೆಯ ಚಲೋ ಪದ

ನಮ್ಮತ್ತೆ ಕಟ್ಟಿದ ಹಾಡುಗಳಲ್ಲಿ ನಾಲ್ಕು ಜನರಿಗೆ ಗೊತ್ತಿರುವುದು ಒಂದೇ ಒಂದು. ಅದೂ ತಪ್ಪಾಗಿ ಗೊತ್ತಿದೆ.

ನಾಗಪುರದಲ್ಲಿ ನಮ್ಮ ಭಾಗದ ಮದುವೆಗಳಿಗೆ ಬಂದರೆ ನೀವೂ ಅದನ್ನು ಕೇಳಬಹುದು. ಊಟ ಮುಗಿದು, ಫೋಟೋದವನು ಎಲ್ಲರಿಗೂ ಸಾಕುಸಾಕು ಮಾಡಿದ ಮೇಲೆ, ಮದುಮಗಳನ್ನು ಕಾರಿನ ಕಡೆಗೆ ಕರೆದುಕೊಂಡು ಹೊರಡುತ್ತಾರಲ್ಲ, ಆಗ ಹೆಂಗಸರ ಗುಂಪಿನಲ್ಲಿ ಯಾರೋ ಒಬ್ಬರು ದನಿ ತೆಗೆಯುತ್ತಾರೆ: ‘ಚಲೋ ಆತಾ, ಚಲೋ ಆತಾ...’ ಮರಾಠಿಯಲ್ಲಿ ‘ಆತಾ’ ಎಂದರೆ ಈಗ. ಇನ್ನು ಹೊರಡೋಣ, ಇನ್ನು ಹೊರಡೋಣ ಎಂದು ಅರ್ಥವಾಯಿತು. ನಡುವೆ ಮಕ್ಕಳೆಲ್ಲ ‘ಬಾಜೂ! ಬಾಜೂ!’ ಎಂದು ಕೂಗಿ ದಾರಿ ಬಿಡಿಸುತ್ತಾರೆ. ಹುಡುಗಿಯ ತಾಯಿ ಅಳುತ್ತಾಳೆ, ಅವಳನ್ನು ನೋಡಿ ಇತರರೂ ಅಳುತ್ತಾರೆ. ಯಾರ ಹಾಡು ಎಂದು ಕೇಳಿದರೆ ವಿದರ್ಭದ ಹಳೆಯ ಜಾನಪದ ಗೀತೆ ಅನ್ನುತ್ತಾರೆ. ಒಬ್ಬಳು ಎಳೆ ಹುಡುಗಿ ನನಗೇ ಹಾಗೆ ಹೇಳಿದಳು. ಕೈಯಲ್ಲಿ ಊಟದ ತಟ್ಟೆ ಇದ್ದದ್ದರಿಂದ ನಾನು ಸುಮ್ಮನಿದ್ದೆ.

ಅದು ಹಳೆಯದೂ ಅಲ್ಲ, ವಿದರ್ಭದ್ದೂ ಅಲ್ಲ, ಹೊರಡುವ ಹಾಡಂತೂ ಅಲ್ಲವೇ ಅಲ್ಲ. ಇದೇ ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ನಮ್ಮತ್ತೆ ಜೋಳದ ರೊಟ್ಟಿ ಬಡಿಯುತ್ತ ಕಟ್ಟಿದ ಕನ್ನಡ ಹಾಡು ಅದು. ಕಟ್ಟಿದ್ದು ನನ್ನ ಮಗಳು ಹುಟ್ಟಿದ್ದಕ್ಕೆ.

ಅತ್ತೆ ರೋಣದ ಕಡೆಯವರು. ಮಾವನ ರೈಲ್ವೆ ನೌಕರಿಯ ಜೊತೆ ಹುಬ್ಬಳ್ಳಿ, ಸೊಲ್ಲಾಪುರ ಎಂದು ಸುತ್ತಿ ಕೊನೆಗೆ ನಾಗಪುರಕ್ಕೆ ಬಂದು ನಿಂತವರು. ನಾನು ನಂಜನಗೂಡಿನ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಪೂರ್ತಿ ನಗು ತರಿಸುತ್ತಿತ್ತು. ಮನೆಯ ಹೊರಗೆ ಕಾಲಿಟ್ಟರೆ ಹಿಂದಿ, ಮರಾಠಿ. ಆಟೋದವನು ‘ಚಲೋ’ ಎಂದರೆ ಹೊರಡೋಣ ಎಂದರ್ಥ ಎಂಬುದನ್ನು ನಾನು ಬಂದ ದಿನವೇ ಕಲಿತೆ. ಮಾರನೆಯ ದಿನ ನನ್ನ ಕೈಯ ಸಾರು ಉಂಡು ಅತ್ತೆ ತಲೆಯಾಡಿಸುತ್ತ ‘ಚಲೋ ಐತಿ, ಚಲೋ ಐತಿ’ ಅಂದರು. ನಾನು ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು, ಎಲ್ಲಿಗೆ ಹೋಗಬೇಕು ಎಂದು ಎದ್ದು ನಿಂತೆ. ಅವರ ಕಡೆ ಚಲೋ ಎಂದರೆ ಒಳ್ಳೆಯದು, ಚೆನ್ನಾಗಿದೆ ಎಂದರ್ಥವಂತೆ. ಈ ಕಥೆಯನ್ನು ಅವರು ಅಜನಿಯ ಕನ್ನಡದ ಮನೆಗಳಿಗೆಲ್ಲ ಹಂಚಿದರು. ನನಗೆ ಬಹಳ ಸಿಟ್ಟು ಬಂದಿತ್ತು.

ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಹಾಡು ಕಟ್ಟುತ್ತಿದ್ದರು. ಹಾಡು ಎಂದು ಅವರು ಅನ್ನುತ್ತಿರಲಿಲ್ಲ, ‘ಪದ’ ಅನ್ನುತ್ತಿದ್ದರು. ಕವಿತೆ ಎಂದರೆ ಮುಖ ಸಿಂಡರಿಸುತ್ತಿದ್ದರು. ‘ಕಟ್ಟೂದು ಅಂತೀರಿ ನೀವು. ನಾ ಎಲ್ಲಿ ಕಟ್ಟತೀನಿ? ರೊಟ್ಟಿ ಬಡೀತೀನಿ, ಅದ ಬರತೈತಿ’ ಅನ್ನುತ್ತಿದ್ದರು. ಅದು ನಿಜವೂ ಹೌದು. ಅವರ ಎಲ್ಲ ಪದಗಳ ತಾಳವೂ ರೊಟ್ಟಿಯ ತಾಳವೇ. ಪರಾತದಲ್ಲಿ, ಅಂದರೆ ಹಿಟ್ಟು ನಾದುವ ಅಗಲವಾದ ತಟ್ಟೆಯಲ್ಲಿ, ಅಂಗೈ ಬೀಳುವ ಪಟ್ ಪಟ್ ಸದ್ದು, ರೊಟ್ಟಿ ತಿರುಗಿಸುವಾಗ ಒಂದು ತಡವು, ಕ್ಷಣದ ಬಿಡುವು, ಮತ್ತೆ ಪಟ್ ಪಟ್. ಅದರ ಮೇಲೆ ಮಾತು ಕೂರುತ್ತಿತ್ತು. ನಳದ ನೀರು ಬಾರದ್ದಕ್ಕೆ ಪದ, ಮಾವನ ನೈಟ್ ಡ್ಯೂಟಿಗೆ ಪದ, ಸೊಸೆ ರೊಟ್ಟಿ ಬಡಿಯಲು ಹೋಗಿ ಭಾರತದ ನಕ್ಷೆ ಮಾಡಿದ್ದಕ್ಕೂ ಪದ. ಈ ಕೊನೆಯದನ್ನು ಹಾಡುವಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ.

ಗೋಡೆಯ ಆಚೆ ಮರಾಠಿಯವರ ಮನೆ. ಆ ಮನೆಯಾಕೆಯನ್ನು ನಾವೆಲ್ಲ ಕಾಕು ಎಂದು ಕರೆಯುತ್ತಿದ್ದೆವು, ಮರಾಠಿಯಲ್ಲಿ ಚಿಕ್ಕಮ್ಮ ಎಂದ ಹಾಗೆ. ಕಾಕುವೂ ದಿನಾ ಭಾಕ್ರಿ ಬಡಿಯುತ್ತಿದ್ದರು. ಭಾಕ್ರಿಯೆಂದರೆ ಜೋಳದ ರೊಟ್ಟಿಯೇ, ಹೆಸರು ಬೇರೆ. ಎರಡು ಅಡುಗೆಮನೆಗಳ ನಡುವೆ ಒಂದೇ ಗೋಡೆ. ಅತ್ತೆ ಈ ಕಡೆ ತಾಳ ಹಿಡಿದರೆ ಆ ಕಡೆ ಕಾಕುವಿನ ಕೈಯೂ ಅದೇ ತಾಳಕ್ಕೆ ಬೀಳುತ್ತಿತ್ತು. ಮಾತು ಒಂದೂ ತಿಳಿಯದೆ ಕಾಕುವಿಗೆ ಅತ್ತೆಯ ಪದಗಳ ಧಾಟಿಯೆಲ್ಲ ಬಾಯಿಪಾಠವಾಗಿತ್ತು.

ನನ್ನ ಮಗಳು ಹುಟ್ಟಿದ್ದು ನಾಗಪುರದಲ್ಲೇ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕೆಂದು ಪಾಸು ತೆಗೆಸಿ, ಸೀರೆ ಮಡಿಚಿ ಎಲ್ಲ ಆಗಿತ್ತು. ಅವಳು ಅದಕ್ಕೂ ಮೊದಲೇ ಬಂದುಬಿಟ್ಟಳು. ಹೆಣ್ಣು ಎಂದು ತಿಳಿದು ಊರಿನಿಂದ ಬಂದ ಫೋನುಗಳಲ್ಲಿ ‘ಪರವಾಗಿಲ್ಲ ಬಿಡು’ ಎಂಬ ಮಾತೇ ಹೆಚ್ಚು. ನನ್ನ ತಾಯಿಯೂ ಅದನ್ನೇ ಅಂದರು. ಪರವಾಗಿಲ್ಲ ಎಂದರೆ ಏನರ್ಥ? ಏನೋ ಪೆಟ್ಟಾಗಿದೆ, ತಡೆದುಕೋ ಎಂದರ್ಥ. ನಾನು ಆಸ್ಪತ್ರೆಯಿಂದ ಮನೆಗೆ ಬಂದವಳು ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟೆ.

ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಶುರುವಾಯಿತು. ಆಮೇಲೆ ಅತ್ತೆಯ ದನಿ.

‘ಚಲೋ ಆತ ಬಿಡರೆವ್ವ, ಚಲೋ ಆತ
ಹೆಣ್ಣ ಬಂತ ಮನಿಗಿ, ಚಲೋ ಆತ

ಗಂಡಸರ ಮಾತೆಲ್ಲ ಗಡಿಯಾರ ಟಕಟಕ
ನಮ್ಮ ಮಾತಿಗೊಂದು ಕಿವಿಯಾತ...’

ಒಳ್ಳೆಯದಾಯಿತು, ಹೆಣ್ಣು ಬಂತು, ಒಳ್ಳೆಯದಾಯಿತು. ಪರವಾಗಿಲ್ಲ ಎಂಬ ಮಾತೇ ಅದರಲ್ಲಿರಲಿಲ್ಲ. ನಾನು ಮಗುವಿನ ಕಡೆ ತಿರುಗಿದೆ. ಅವತ್ತು ನನಗಾದ ಸಂತೋಷವನ್ನು ಮುಚ್ಚಿಡುವಂಥದ್ದೇನೂ ಇಲ್ಲ, ಅತ್ತೆಯ ಮೇಲೆ ಇಷ್ಟು ದಿನ ಇದ್ದ ಸಣ್ಣಪುಟ್ಟ ಸಿಟ್ಟುಗಳೆಲ್ಲ ಇಳಿದುಹೋದವು.

ಅಷ್ಟರಲ್ಲಿ ಬಾಗಿಲು ಧಡಧಡ ಬಡಿದ ಸದ್ದು. ಕಾಕು. ಕೈಯಲ್ಲಿನ್ನೂ ಹಿಟ್ಟು ಮೆತ್ತಿತ್ತು. ಒಳಗೆ ನುಗ್ಗಿದವರೇ ನನ್ನ ಮಂಚದ ಮುಂದೆ ಅಡ್ಡ ನಿಂತು, ಅತ್ತೆಯ ಕಡೆ ಬೆರಳು ತೋರಿಸಿ ಅಬ್ಬರಿಸಿದರು: ‘ಸೂನಬಾಯಿ ಕುಠೇಹೀ ಜಾಣಾರ್ ನಾಹೀ!’ ಸೊಸೆ ಎಲ್ಲಿಗೂ ಹೋಗುವುದಿಲ್ಲ ಎಂದು. ಅತ್ತೆ ಕೈಯಲ್ಲಿ ಅರ್ಧ ಬಡಿದ ರೊಟ್ಟಿ ಹಿಡಿದುಕೊಂಡೇ ಕಣ್ಣು ಬಿಟ್ಟು ನಿಂತರು. ಕಾಕು ನಿಲ್ಲಿಸಲಿಲ್ಲ. ಮಗಳು ಹುಟ್ಟಿದರೆ ಹೊರಗೆ ಹಾಕುತ್ತೀಯಾ, ನಾಚಿಕೆಯಾಗುವುದಿಲ್ಲವಾ, ನಿನ್ನನ್ನು ಒಳ್ಳೆಯವಳು ಅಂದುಕೊಂಡಿದ್ದೆ ಎಂದು ಮರಾಠಿ ಹಿಂದಿ ಎಲ್ಲ ಬೆರೆಸಿ ಬೈದರು. ಗೋಡೆಯಾಚೆ ಅವರ ಕಿವಿಗೆ ಬಿದ್ದದ್ದು ‘ಚಲೋ ಆತಾ.’ ಹಸಿಬಾಣಂತಿಗೆ ಅತ್ತೆ ಹಾಡು ಕಟ್ಟಿ ಹೊರಡು, ಈಗಲೇ ಹೊರಡು ಎಂದು ಹೇಳುತ್ತಿದ್ದಾಳೆ!

ಮೊದಲು ಅರ್ಥವಾದದ್ದು ನನಗೆ. ಸಾರಿನ ದಿನ ಎದ್ದು ನಿಂತವಳು ನಾನೇ ತಾನೆ. ನಾನು ನಗತೊಡಗಿದೆ, ಹೊಲಿಗೆ ನೋಯುತ್ತಿದ್ದರೂ ನಗು ನಿಲ್ಲಲಿಲ್ಲ. ಅತ್ತೆಗೆ ತಿಳಿಸಿದೆ. ಅವರು ತಮ್ಮ ಹರಕು ಮರಾಠಿಯಲ್ಲಿ ಕಾಕುವಿಗೆ ಹೇಳಿದರು: ‘ಚಲೋ ಮ್ಹಣಜೆ ಚಾಂಗ್ಲಂ! ಚಾಂಗ್ಲಂ ಝಾಲಂ!’ ಚಲೋ ಅಂದರೆ ಒಳ್ಳೆಯದು, ಒಳ್ಳೆಯದಾಯಿತು. ಕಾಕು ಹಿಟ್ಟಿನ ಕೈಯಿಂದಲೇ ಮಗುವಿನ ಕೆನ್ನೆ ಮುಟ್ಟಿದರು. ಆ ದಿನ ಎರಡೂ ಮನೆಯ ರೊಟ್ಟಿ ನಮ್ಮ ಒಲೆಯ ಮೇಲೇ ಆಯಿತು.

ತೊಟ್ಟಿಲಿಗೆ ಹಾಕುವ ದಿನ ಅತ್ತೆ ಅದಕ್ಕೆ ಇನ್ನೊಂದು ನುಡಿ ಸೇರಿಸಿದ್ದರು.

‘ರೈಲಿನ ಊರಾಗ ನಿಲ್ಲೋರು ಯಾರವ್ವ
ನಿಲ್ಲಾಕ ಒಬ್ಬಾಕಿ ಬಂದಾಳ’

ಬಂದಿದ್ದ ಹೆಂಗಸರೆಲ್ಲ ವರ್ಗಾವಣೆಯ ಮನೆಯವರು. ರೈಲ್ವೆಯವರು, ಕಾರ್ಖಾನೆಯವರು, ಕಾಮ್ಠಿಯ ಮಿಲಿಟರಿಯವರು. ಪಾತ್ರೆಗಳ ಜೊತೆ ಗೆಳತಿಯರನ್ನೂ ಎರಡು ಮೂರು ವರ್ಷಕ್ಕೊಮ್ಮೆ ಬಿಟ್ಟು ಹೊರಡುವವರು. ಆ ನುಡಿಗೆ ಒಬ್ಬರೂ ಕಣ್ಣೊರೆಸಿಕೊಳ್ಳದೆ ಇರಲಿಲ್ಲ.

ಅಲ್ಲಿಂದ ಅತ್ತೆಯ ಹಾಡುಗಾರಿಕೆ ನಾಲ್ಕು ಗೋಡೆ ದಾಟಿತು. ಯಾವ ಕನ್ನಡದ ಮನೆಯಲ್ಲಿ ಹೆಣ್ಣು ಹುಟ್ಟಿದರೂ ಕರೆ ಬರುತ್ತಿತ್ತು. ಪರಾತವನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಆಟೋದಲ್ಲೋ ಬಸ್ಸಿನಲ್ಲೋ ಹೊರಡುತ್ತಿದ್ದರು. ಒಂದು ಮನೆಯಲ್ಲಿ ಗಂಡು ಮಗುವಿನ ತೊಟ್ಟಿಲಿಗೂ ಹಾಡಿ ಎಂದು ಒತ್ತಾಯ ಮಾಡಿದರು. ‘ಅವಗ ಹಾಡಾಕ ಊರೆಲ್ಲ ಐತಲ್ಲ, ನಾ ಯಾಕ್ರಿ?’ ಎಂದು ಹೋಳಿಗೆ ಉಂಡು ಬಂದರು.

ಕನ್ನಡದವರ ಸಂಘದಲ್ಲಿ ರಾಜ್ಯೋತ್ಸವಕ್ಕೂ ಒಂದೆರಡು ಸಲ ಕರೆದರು. ಅಲ್ಲಿ ಅವರದು ಯಾವಾಗಲೂ ಕೊನೆಯ ಸರದಿ. ಭಾವಗೀತೆ, ಭಾಷಣ, ಬಹುಮಾನ ಎಲ್ಲ ಮುಗಿದು, ಬಿಸಿಬೇಳೆಭಾತಿನ ವಾಸನೆ ಬಂದು, ಮಂದಿ ಎದ್ದು ಸಾಲು ಹಚ್ಚಿದ ಮೇಲೆ ‘ಈಗ ಒಂದು ಜಾನಪದ’ ಎಂದು ಅತ್ತೆಯನ್ನು ಕರೆಯುವರು. ವೇದಿಕೆಯ ಮೇಲೆ ಪರಾತ ಬೇಡ, ತಬಲಾ ಇದೆ ಎಂದರು ಕಾರ್ಯದರ್ಶಿ. ತಬಲಾದವನು ತನ್ನ ಪಾಡಿಗೆ ನುಡಿಸಿದ, ಅತ್ತೆ ತಮ್ಮ ಪಾಡಿಗೆ ಹಾಡಿದರು, ಇಬ್ಬರೂ ಎಲ್ಲಿಯೂ ಭೇಟಿಯಾಗಲಿಲ್ಲ. ಮುಂದಿನ ಸಲ ಪರಾತ ಸೀರೆಯ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಹೋಗಿದ್ದರು. ಬಡಿತ ಕೇಳಿದ್ದೇ ಸಾಲಿನಲ್ಲಿದ್ದ ಹೆಂಗಸರು ತಟ್ಟೆ ಹಿಡಿದುಕೊಂಡೇ ವಾಪಸು ಬಂದು ಕುಳಿತರು. ಭಾತು ತಣ್ಣಗಾಯಿತು ಎಂದು ಕಾರ್ಯದರ್ಶಿಗೆ ಕೋಪ.

ಕ್ಯಾಸೆಟ್ಟು ಮಾಡಿಸಿದ್ದು ನನ್ನ ಗಂಡ. ಇತವಾರಿ ಪೇಟೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆಯಲ್ಲಿ ಭಜನೆ ಕ್ಯಾಸೆಟ್ಟು ತುಂಬಿಕೊಡುವ ಒಬ್ಬನಿದ್ದ. ಕಿಟಕಿಗಳಿಗೆ ಗಾದಿ ಒತ್ತಿಟ್ಟು ಸದ್ದು ತಡೆಯುವ ಏರ್ಪಾಟು. ಕೆಳಗೆ ಕೈಗಾಡಿಗಳು, ಟೆಂಪೋಗಳು, ಕಬ್ಬಿಣದ ಸರಳು ಇಳಿಸುವವರು. ಅತ್ತೆ ನೆಲಕ್ಕೆ ಕುಳಿತು ಪರಾತ ಮುಂದಿಟ್ಟುಕೊಂಡು ಶುರು ಮಾಡಿದರು. ಚಲೋ ಪದ ಬಹಳ ಚೆನ್ನಾಗಿ ಬಂತು, ನಾನು ಅಲ್ಲೇ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದೆ. ರೊಟ್ಟಿ ತಿರುಗಿಸುವ ಆ ತಡವು ಬರುತ್ತದಲ್ಲ, ಎರಡು ನುಡಿಗಳ ನಡುವೆ, ಸರಿಯಾಗಿ ಆ ಜಾಗಕ್ಕೆ ಕೆಳಗಿನಿಂದ ಒಬ್ಬ ಹಮಾಲಿ ಗಾಡಿ ತಳ್ಳುತ್ತ ‘ಬಾಜೂ! ಬಾಜೂ!’ ಎಂದು ಕೂಗಿದ. ಪಕ್ಕಕ್ಕೆ ಸರಿಯಿರಿ ಎಂದು. ತಾಳಕ್ಕೆ ಎಷ್ಟು ಸರಿಯಾಗಿ ಬಿತ್ತೆಂದರೆ ಬೇಕೆಂದೇ ಕೂಗಿಸಿದ ಹಾಗಿತ್ತು. ಕ್ಯಾಸೆಟ್ಟಿನವನು ಇನ್ನೊಮ್ಮೆ ಹಾಡಿ ಎಂದ. ‘ಇನ್ನೊಮ್ಮಿ ಹಾಡಾಕ ಇನ್ನೊಂದು ಹೆಣ್ಣ ಹುಟ್ಟಬೇಕು’ ಎಂದು ಅತ್ತೆ ಎದ್ದುಬಿಟ್ಟರು. ಹಾಗಾಗಿ ಆ ಹಮಾಲಿ ಕ್ಯಾಸೆಟ್ಟಿನಲ್ಲಿ ಉಳಿದುಕೊಂಡ.

ಆ ಕ್ಯಾಸೆಟ್ಟಿನ ಒಂದು ಪ್ರತಿ ಕಾಕುವಿನ ಮನೆಗೂ ಹೋಯಿತು. ಹಾಡಿನ ಹಣೆಬರಹ ತಿರುಗಿದ್ದು ಅಲ್ಲಿಂದ. ಕೆಲವು ವರ್ಷಗಳ ಮೇಲೆ ಕಾಕುವಿನ ಮಗಳ ಮದುವೆಯಾಯಿತು. ನಾವೆಲ್ಲ ಇದ್ದೆವು. ಹುಡುಗಿ ಹೊರಟು ನಿಂತಾಗ ಕಾಕುವಿನ ಭಜನಾ ಮಂಡಳಿಯ ಹೆಂಗಸರು ಯಾವ ಹಾಡು ಎತ್ತಿಕೊಳ್ಳುವುದೆಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ಕಾಕುವೇ ಮಗಳ ಕೈ ಹಿಡಿದುಕೊಂಡು ‘ಚಲೋ ಆತಾ’ ಎಂದು ತೆಗೆದರು. ಮುಂದಿನ ಕನ್ನಡ ಮಾತು ಅವರಿಗೆ ಬರುತ್ತಿರಲಿಲ್ಲ, ಬಂದ ಒಂದು ಸಾಲನ್ನೇ ಮತ್ತೆ ಮತ್ತೆ ಹಾಡಿದರು. ಮಂಡಳಿಯವರು ಹಿಂಬಾಲಿಸಿದರು. ಯಾರ ಮನೆಯದೋ ಮಗು, ಕ್ಯಾಸೆಟ್ಟು ಕೇಳಿ ಕಲಿತದ್ದು, ತಡವು ಬಂದ ಕಡೆ ‘ಬಾಜೂ ಬಾಜೂ’ ಎಂದು ಕೂಗಿತು. ಜನ ದಾರಿ ಬಿಟ್ಟರು. ಹುಡುಗಿ ಕಾರು ಹತ್ತಿದಳು. ಹಾಡು ಆ ಕೆಲಸಕ್ಕೇ ಹುಟ್ಟಿದ್ದು ಎಂಬಷ್ಟು ಚೆನ್ನಾಗಿ ಹೊಂದಿತ್ತು, ನನಗೂ ಅಳು ಬಂತು.

ಅತ್ತೆಯ ಮುಖ ಮಾತ್ರ ಕಪ್ಪಿಟ್ಟಿತು. ಮನೆಗೆ ಬಂದು ಎರಡು ದಿನ ಬಿಟ್ಟು ಕಾಕುವನ್ನು ಗೋಡೆಯ ಹತ್ತಿರ ನಿಲ್ಲಿಸಿ ತಮ್ಮ ಹರಕು ಮರಾಠಿಯಲ್ಲಿ ಕೇಳಿದರು, ಅವರ ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಎಲ್ಲಾರ್ಗೂ ಗೊತ್ತಿರಲಿಲ್ಲ ಅಂದ್ರ ಒಂದು ಮಾತು. ನಿಂಗ ಅರ್ಥ ಗೊತ್ತಿತ್ತಲ್ಲ? ಬಂದಾಕಿಗೆ ಮಾಡಿದ ಪದಾ ಹೋಗಾಕಿಗೆ ಹಾಡಿದೆಲ್ಲ?’

ಕಾಕು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: ನನ್ನ ಮಗಳು ಹೋಗುತ್ತಿದ್ದಳು, ಬಾಯಿಗೆ ಅದೇ ಬಂತು, ನಾನೇನು ಮಾಡಲಿ?

ಇದಾದ ಮೇಲೆ ಬಹಳ ಕಾಲ ಗೋಡೆಯ ಈಚೆಯ ತಾಳಕ್ಕೂ ಆಚೆಯ ತಾಳಕ್ಕೂ ಕೂಡಿಬರಲಿಲ್ಲ. ಮಾತಿತ್ತು, ಅರಿಸಿನ ಕುಂಕುಮ ಇತ್ತು, ಆದರೆ ಅತ್ತೆ ರೊಟ್ಟಿ ಬಡಿಯುವ ಹೊತ್ತನ್ನೇ ಬದಲಿಸಿಬಿಟ್ಟರು. ಹಾಡು ಅಷ್ಟರಲ್ಲಿ ಕೈ ಮೀರಿತ್ತು. ಮಂಡಳಿಯವರು ತಮ್ಮ ನೆಂಟರ ಮದುವೆಗಳಿಗೆ ಒಯ್ದರು, ಬ್ಯಾಂಡಿನವರು ಕಲಿತರು, ಆಮೇಲೆ ಫೋನುಗಳ ಕಾಲ ಬಂತು. ಮರಾಠಿ ಸಾಲುಗಳನ್ನು ಯಾರು ಯಾರೋ ಸೇರಿಸಿದರು. ಕಿವಿಯ ಸಾಲು ಹೋಯಿತು, ಗಡಿಯಾರ ಹೋಯಿತು, ನಿಲ್ಲಲು ಬಂದವಳು ಹೋದಳು. ಉಳಿದದ್ದು ಚಲೋ ಆತಾ ಮತ್ತು ಹಮಾಲಿ. ಕನ್ನಡದ ಮನೆಗಳಲ್ಲೂ ಮಕ್ಕಳು ಹಿಂದಿ ಮರಾಠಿಯಲ್ಲೇ ಬೆಳೆದರು, ಚಲೋ ಎಂದರೆ ಅವರಿಗೂ ಹೊರಡುವುದೇ. ಒಮ್ಮೆ ಒಂದು ತೊಟ್ಟಿಲ ಕಾರ್ಯದಲ್ಲಿ ಅತ್ತೆ ಪದ ಎತ್ತಿಕೊಂಡರೆ ಬಾಣಂತಿಯ ಸೋದರತ್ತೆ ‘ಅಯ್ಯೋ, ಇದು ಬೇಡ್ರೀ, ಕಳಸೋ ಹಾಡು, ಕೂಸಿಗೆ ಅಪಶಕುನ’ ಅಂದುಬಿಟ್ಟರು. ಅತ್ತೆ ಪರಾತವನ್ನು ಚೀಲಕ್ಕೆ ಹಾಕಿಕೊಂಡು ಊಟಕ್ಕೂ ನಿಲ್ಲದೆ ಮನೆಗೆ ಬಂದರು.

‘ನನ್ನ ಪದಾ ದಾರಿ ತಪ್ಪಿ ಹೋತು’ ಎಂದರು. ‘ಇನ್ನ ಅದನ್ನ ನಾ ಹಾಡಂಗಿಲ್ಲ.’

ಹಾಡಲೂ ಇಲ್ಲ. ಬೇರೆ ಪದಗಳು ನಿಧಾನವಾಗಿ ಬರುತ್ತಿದ್ದವು, ಆಮೇಲೆ ಅವೂ ಕಡಿಮೆಯಾದವು. ಮಾವ ತೀರಿಕೊಂಡರು, ನಾವು ಕ್ವಾರ್ಟರ್ಸು ಬಿಟ್ಟು ಸ್ವಂತ ಮನೆಗೆ ಬಂದೆವು. ಕಾಕುವೂ ಎರಡು ಬೀದಿ ಆಚೆಗೇ ಮನೆ ಮಾಡಿದರು. ಕ್ಯಾಸೆಟ್ಟು ಎಂದೋ ಹರಿದುಹೋಗಿತ್ತು. ಅತ್ತೆಗೆ ಮೊಣಕಾಲು ನೋವು, ದನಿಯೂ ಒಡೆದಿತ್ತು. ಅವರು ಹೋದರೆ ಆ ಪದವನ್ನು ಅದರ ಅರ್ಥದಲ್ಲಿ ಹಾಡುವವರು ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಮಾತುಗಳು ಗೊತ್ತು, ಆದರೆ ನನ್ನ ರೊಟ್ಟಿ ಇವತ್ತಿಗೂ ಭಾರತದ ನಕ್ಷೆಯೇ, ತಾಳ ಹಿಡಿಯುವುದಿಲ್ಲ. ಒಂದು ಸಲ, ಒಂದೇ ಒಂದು ಸಲ ಅವರ ಬಾಯಲ್ಲಿ ಮತ್ತೆ ಕೇಳಬೇಕೆಂಬ ಆಸೆ ನನಗಿತ್ತು. ಕೇಳುವ ಧೈರ್ಯ ಇರಲಿಲ್ಲ.

ಕೇಳಿದವಳು ನನ್ನ ಮಗಳು. ಅವಳ ಮದುವೆ ಗೊತ್ತಾಗಿತ್ತು. ಹುಡುಗ ಮರಾಠಿಯವನು, ನಾಗಪುರದ ಅಂಚಿನ ಹಿಂಗಣಾದ ಕಾರ್ಖಾನೆಯೊಂದರಲ್ಲಿ ಕೆಲಸ, ಅಲ್ಲೇ ಹತ್ತಿರದಲ್ಲಿ ತಂದೆ ತಾಯಿಯೊಡನೆ ಮನೆ. ಜನ ಒಳ್ಳೆಯವರು. ಅವಳು ಒಂದು ಸಂಜೆ ಅಜ್ಜಿಯ ಮಂಚದ ಮೇಲೆ ಕಾಲು ಚಾಚಿ ಕುಳಿತು ಹೇಳಿದಳು:

‘ಅಜ್ಜಿ, ನನ್ನ ಬಿದಾಯಿಗೆ ನೀನೇ ಹಾಡಬೇಕು ಹಾಂ. ಚಲೋ ಆತಾ. ಒರಿಜಿನಲ್.’

ಅತ್ತೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವರು ತಲೆ ಎತ್ತಲಿಲ್ಲ. ‘ಅದು ಹೋಗೂ ಪದಾ ಅಲ್ಲ.’

‘ಗೊತ್ತು ಅಜ್ಜಿ, ಮಮ್ಮಿ ಹೇಳಿದ್ದಾಳೆ, ಮಗರ್ ಈಗ ಎಲ್ಲರೂ ಹಂಗೇ ಹಾಡ್ತಾರಲ್ಲ? ನನಗಂತ ಮಾಡಿದ್ದು, ನನಗಾದ್ರೂ ಹಾಡಲ್ವಾ?’

‘ನಿನಗಂತ ಮಾಡೇನಿ ಅಂತನ ಹಾಡಂಗಿಲ್ಲ. ನೀ ಬಂದಾಗ ಮಾಡಿದ್ದನ್ನ ನೀ ಹೋಗುವಾಗ ಹಾಡಿದ್ರ, ನೀ ಬಂದಿದ್ದು ಸುಳ್ಳಾಗತೈತಿ ನನ್ನವ್ವ.’

ಮಗಳು ಎದ್ದು ಹೋದಳು. ಅವಳಿಗೆ ನಿಜವಾಗಿ ನೋವಾಗಿತ್ತು. ಅಡುಗೆಮನೆಗೆ ಬಂದು ನನ್ನ ಹತ್ತಿರ ‘ಸಾರೇ ನಾಗಪುರಕ್ಕೆ ಹಾಡು ಕೊಟ್ಟಳು, ನನಗೊಬ್ಬಳಿಗೆ ಇಲ್ಲ’ ಅಂದಳು. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಕರುಳು. ಅತ್ತೆಯ ಹತ್ತಿರ ಹೋಗಿ ‘ಅತ್ತೆ, ಮಗು ಅಷ್ಟು ಆಸೆಪಡ್ತಾ ಇದ್ದಾಳೆ, ಒಂದು ಸಾಲು ಹೇಳಿಬಿಡಿ’ ಎಂದೆ. ‘ನೀ ಸುಮ್ಮನಿರು ಯವ್ವಾ’ ಎಂದು ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

ಮದುವೆಯ ದಿನ ಎಲ್ಲ ಹೇಗೋ ನಡೆಯಿತು. ಅತ್ತೆ ಅಕ್ಷತೆ ಹಾಕಿದರು, ಊಟ ಮಾಡಿದರು, ಕಾಕುವಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಮಾತಾಡಿಕೊಳ್ಳುತ್ತಲೂ ಇದ್ದರು. ಹೊರಡುವ ಹೊತ್ತಾಯಿತು. ಹೆಂಗಸರು ‘ಚಲೋ ಆತಾ’ ತೆಗೆದೇಬಿಟ್ಟರು, ಮಕ್ಕಳು ‘ಬಾಜೂ ಬಾಜೂ’ ಕೂಗಿದವು. ಮಗಳು ನನ್ನನ್ನು ತಬ್ಬಿಕೊಂಡಳು, ಅವರಪ್ಪನನ್ನು ತಬ್ಬಿಕೊಂಡಳು, ಆಮೇಲೆ ಸುತ್ತ ನೋಡಿದಳು. ‘ಅಜ್ಜಿ ಎಲ್ಲಿ?’

ಅಜ್ಜಿಯ ಕುರ್ಚಿ ಖಾಲಿಯಿತ್ತು. ಬಚ್ಚಲಿಗೆ ಹೋಗಿರಬೇಕು ಎಂದೆ. ಮನೆ ತುಂಬಿಸುವ ಮುಹೂರ್ತ ಮೀರುತ್ತದೆ ಎಂದು ಗಂಡಿನ ಕಡೆಯವರು ಅವಸರ ಮಾಡಿದರು. ದಾರಿಯಲ್ಲಿ ದೇವಸ್ಥಾನಕ್ಕೆ ಬೇರೆ ಹೋಗಬೇಕಿತ್ತು. ಮಗಳು ಕಾರಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮದುವೆ ಹಾಲಿನ ಬಾಗಿಲನ್ನೇ ನೋಡುತ್ತ ಹೋದಳು. ಕಾರು ತಿರುವು ದಾಟಿದ ಮೇಲೆ ನನಗೆ ಅತ್ತೆಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಹಾಡುವುದು ಬೇಡ, ಎದುರಿಗೆ ನಿಂತು ತಲೆಯ ಮೇಲೆ ಕೈಯಾದರೂ ಇಡಬಾರದೇ? ಇಷ್ಟು ಹಟವೇ?

ಬಚ್ಚಲಿನಲ್ಲಿ ಇರಲಿಲ್ಲ. ಕೋಣೆಗಳಲ್ಲಿ ಇರಲಿಲ್ಲ. ಕಾಕುವೂ ಇರಲಿಲ್ಲ. ಕೋಪ ಹೋಗಿ ಹೆದರಿಕೆ ಶುರುವಾಯಿತು. ಅತ್ತೆ ಕೋಲಿಲ್ಲದೆ ನಡೆಯುವವರಲ್ಲ, ಫೋನು ಹಿಡಿಯುವವರೂ ಅಲ್ಲ. ನನ್ನ ಗಂಡ ರಸ್ತೆಯ ಎರಡೂ ಕಡೆ ಓಡಾಡಿ ಬಂದರು. ಇದರ ನಡುವೆ ಅಡುಗೆಯವನು ಒಬ್ಬ ಬಂದು ತನ್ನದೇ ಗೋಳು ತೆಗೆದ, ತನ್ನ ದೊಡ್ಡ ಪರಾತ ಕಾಣುತ್ತಿಲ್ಲ, ಯಾರು ಒಯ್ದರು, ಅದು ಸಿಗುವವರೆಗೆ ಸಾಮಾನು ಎತ್ತುವುದಿಲ್ಲ ಎಂದು. ‘ಇಲ್ಲಿ ಮನೆ ಹಿರಿಯರೇ ಕಾಣ್ತಾ ಇಲ್ಲ, ನಿಂದೇನಯ್ಯಾ ಪರಾತ’ ಎಂದು ಅವನಿಗೆ ಬೈದೆ. ಬೈದ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಏನೋ ಹೊಳೆದ ಹಾಗಾಯಿತು. ಗೇಟಿನವನನ್ನು ಕೇಳಿದೆ. ಹೌದು, ಇಬ್ಬರು ಮುದುಕಿಯರು ಊಟವಾದ ಸ್ವಲ್ಪ ಹೊತ್ತಿಗೆ ಆಟೋ ಹತ್ತಿದರು ಎಂದ. ಒಬ್ಬರ ಕೈಯಲ್ಲಿ ಕೋಲು, ಇನ್ನೊಬ್ಬರ ಕೈಯಲ್ಲಿ ದೊಡ್ಡ ತಟ್ಟೆ.

ಅಷ್ಟರಲ್ಲಿ ಫೋನು ಬಂತು. ಮಗಳು.

‘ಮಮ್ಮಿ, ಅಜ್ಜಿ ಇಲ್ಲಿದ್ದಾಳೆ!’

‘ಇಲ್ಲಿ ಅಂದ್ರೆ ಎಲ್ಲೇ?’

‘ಇಲ್ಲಿ, ಹಿಂಗಣಾದಲ್ಲಿ, ಇವರ ಮನೆ ಬಾಗಿಲಲ್ಲಿ! ನನಗಿಂತ ಪೆಹಲೆ ಬಂದು ಕೂತಿದ್ದಾಳೆ. ಕಾಕು ಆಜೀನೂ ಇದ್ದಾರೆ. ಕೇಳು, ಕೇಳು...’

ಫೋನನ್ನು ಅವಳು ಮುಂದಕ್ಕೆ ಹಿಡಿದಿರಬೇಕು. ಮೊದಲು ಗದ್ದಲ ಕೇಳಿಸಿತು, ಗಂಡಿನ ತಾಯಿ ಆರತಿಯ ತಟ್ಟೆ ತರಲು ಹೇಳುತ್ತಿದ್ದುದು ಕೇಳಿಸಿತು. ಆಮೇಲೆ ಪಟ್ ಪಟ್, ಒಂದು ತಡವು, ಪಟ್ ಪಟ್. ಎರಡು ಜೊತೆ ಕೈಗಳ ಬಡಿತ ಅದು, ನನಗೆ ಗುರುತು ಸಿಗುತ್ತದೆ. ಆಮೇಲೆ ಆ ಒಡೆದ ದನಿ.

‘ಚಲೋ ಆತ ಬಿಡರೆವ್ವ, ಚಲೋ ಆತ
ಹೆಣ್ಣ ಬಂತ ಮನಿಗಿ, ಚಲೋ ಆತ...’

ಪದ ಹಳಿಯ ಮೇಲೆ ಬಂದಿತ್ತು. ಅಲ್ಲಿದ್ದವರಿಗೆ ಕಾಕು ನಡುನಡುವೆ ಕೂಗಿ ಅರ್ಥ ಹೇಳುತ್ತಿದ್ದರು, ‘ಚಾಂಗ್ಲಂ ಝಾಲಂ, ಮುಲಗೀ ಆಲೀ!’ ಒಳ್ಳೆಯದಾಯಿತು, ಮಗಳು ಬಂದಳು. ಯಾರೋ ಹೆಂಗಸು ‘ಚಲೋ, ಚಲೋ, ಒಳಗೆ ಬಾ’ ಎಂದು ಹಿಂದಿಯಲ್ಲಿ ನನ್ನ ಮಗಳನ್ನು ಕರೆದರು. ಆ ಹೊಸಲಿನ ಮೇಲೆ ಎರಡು ಭಾಷೆಗೂ ಜಗಳ ಇರಲಿಲ್ಲ. ‘ನಿಲ್ಲಾಕ ಒಬ್ಬಾಕಿ ಬಂದಾಳ’ ಎಂಬ ಸಾಲಿಗೆ ಅತ್ತೆಯ ಉಸಿರು ಸಾಲಲಿಲ್ಲ, ಮಧ್ಯದಲ್ಲಿ ನಿಂತಿತು. ಉಳಿದರ್ಧವನ್ನು ಹೇಳಿದ್ದು ನನ್ನ ಮಗಳು. ಅವಳಿಗೆ ಆ ಸಾಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಖಾಲಿಯಾದ ಮದುವೆ ಹಾಲಿನಲ್ಲಿ ಫೋನು ಕಿವಿಗೆ ಒತ್ತಿಕೊಂಡು ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅಡುಗೆಯವನು ಪರಾತದ ವಿಷಯ ಅಲ್ಲಿಗೆ ಬಿಟ್ಟ.

ಕತ್ತಲಾಗುವ ಮುಂಚೆ ಗಂಡಿನ ಮನೆಯವರೇ ಕಾರಿನಲ್ಲಿ ಇಬ್ಬರನ್ನೂ ಬಿಟ್ಟುಹೋದರು. ಅತ್ತೆ ಮೊಣಕಾಲು ಹಿಡಿದುಕೊಂಡು ಇಳಿದರು, ಹಿಂದೆ ಕಾಕು ಪರಾತ ಹಿಡಿದುಕೊಂಡು ಇಳಿದರು. ಹೆಣ್ಣಿನ ಕಡೆಯವರು ಹೀಗೆ ಬೀಗರ ಹೊಸಲಲ್ಲಿ ಮೊದಲೇ ಹೋಗಿ ಕೂರುವುದು ಯಾವ ಶಾಸ್ತ್ರದಲ್ಲೂ ಇಲ್ಲ. ನಾನು ಹೆದರಿದ ಸಿಟ್ಟನ್ನೆಲ್ಲ ಸೇರಿಸಿ ಕೇಳಿಯೇಬಿಟ್ಟೆ.

‘ಏನತ್ತೆ ಇದು, ಮಗು ಹೊರಡೋವಾಗ ಇಲ್ಲಿ ಇರದೆ ಅಲ್ಲಿಗೆ ಹೋಗಿ ಕೂತಿರಲ್ಲ?’

ಅತ್ತೆ ಚಪ್ಪಲಿ ಬಿಚ್ಚುತ್ತ ಹೇಳಿದರು: ‘ಕಳಸಾಕ ಇಲ್ಲಿ ನೀವು ಊರಷ್ಟು ಮಂದಿ ಇದ್ರೆಲ್ಲ ಯವ್ವಾ. ಅಲ್ಲಿ ಬಾ ಅನ್ನಾಕ ನಮ್ಮವರು ಯಾರಿದ್ರು?’